ಇಷ್ಟೆಲ್ಲ ಮಾತ್ರೆ ಇದ್ದೂ ಸಕ್ಕರೆ ಕಾಯಿಲೆಗೆ ಹೊಸ ಔಷಧಿ ಯಾಕೆ ಬೇಕು? ಗೊತ್ತಿರೋರು ಬರೀರಿ

ಬೀಟಾಕಣ

"ಮೆಟ್‌ಫಾರ್ಮಿನ್ ಇದೆ, ಗ್ಲಿಮೆಪಿರೈಡ್ ಇದೆ, ಇನ್ಸುಲಿನ್ ಅಂತೂ 1922ರಿಂದ ಇದೆ. ಇನ್ನೂ ಹೊಸದು ಬೇಕು ಅನ್ನೋದು ಕಂಪನಿಗಳ ದುಡ್ಡಿನಾಟ." ಆಹಾರದ ಚರ್ಚೆಯಲ್ಲಿ ಬಂದ ಈ ಮಾತಿಗೆ ಅಲ್ಲೇ ಉತ್ತರ ಬರೆದರೆ ಮುದ್ದೆ-ಚಪಾತಿ ಜಗಳದಲ್ಲಿ ಕಳೆದುಹೋಗುತ್ತೆ. ಅದಕ್ಕೇ ಇಲ್ಲಿ ಬೇರೆಯಾಗಿ ಹಾಕಿದ್ದೀನಿ.

ಇರೋ ಔಷಧಿಗಳು ಕೆಟ್ಟವಲ್ಲ. ಆದರೆ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸೋ ಬೀಟಾ ಕಣಗಳು ಸವೆಯೋದನ್ನು ತಡೆಯೋದು ಅವುಗಳ ಕೈಲಿ ಆಗಿಲ್ಲ. ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದಲ್ಲಿ ಒಂದೇ ಔಷಧಿಯ ಮೇಲಿದ್ದವರ ಪೈಕಿ ಮೂರು ವರ್ಷಕ್ಕೆ ಹೆಚ್ಚುಕಮ್ಮಿ ಅರ್ಧ ಜನರ ಎಚ್‌ಬಿಎ1ಸಿ (ಹಿಂದಿನ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳೋ ರಕ್ತಪರೀಕ್ಷೆ) 7ರ ಕೆಳಗಿತ್ತು. ಒಂಬತ್ತು ವರ್ಷಕ್ಕೆ ಅದು ಕಾಲುಭಾಗಕ್ಕೆ ಇಳಿದಿತ್ತು. ಪಥ್ಯ ತಪ್ಪಿದ್ದಕ್ಕೇ ಹೀಗಾಯ್ತು ಅಂತ ರೋಗಿಯನ್ನು ಬೈಯೋದು ಸುಲಭ. ಗ್ಲಿಮೆಪಿರೈಡ್ ಜಾತಿಯ ಮಾತ್ರೆ ಬೀಟಾ ಕಣವನ್ನು ಹಿಂಡಿ ಇನ್ಸುಲಿನ್ ಹೊರಡಿಸುತ್ತೆ. ಹಿಂಡೋಕೆ ಕಣವೇ ಉಳಿದಿಲ್ಲ ಅಂದ್ರೆ 1 ಮಿ.ಗ್ರಾಂ ಇದ್ದದ್ದನ್ನು 4 ಮಾಡಿದರೂ ಅಷ್ಟೇ.

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಲೆಕ್ಕದ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ. ಇಷ್ಟು ಜನಕ್ಕೆ ಬೇಕಿರೋ ಹೊಸದು ಯಾವುದು? ಇನ್ನೊಂದು ಮಾತ್ರೆಯೋ, ಇರೋದನ್ನೇ ಕೊಡೋ ಹೊಸ ದಾರಿಯೋ, ಅಥವಾ ಕಾಯಿಲೆಯನ್ನೇ ಬೇರೆ ಥರ ವಿಂಗಡಿಸೋದೋ? ಪೂರ್ತಿ ವಿವರ ಹಾಕಿ ಬರೀರಿ, ಸುಮ್ಮನೆ "ಸಂಶೋಧನೆ ಆಗಬೇಕು" ಅನ್ನಬೇಡಿ.

ಕೆಮಿಸ್ಟ್_ಕುಡ್ಲ

ಹೊಸದರ ಮಾತು ಆಮೇಲೆ ಮಾರಾಯ್ರೆ. ಹಳೆಯದ್ದೇ ಮೈಗೆ ಸರಿಯಾಗಿ ಹೋಗುವುದಿಲ್ಲ. ಒಂದು ಸಿರಿಂಜ್‌ನ ಕತೆ ಸಾಕು.

ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಯು-40. ಅಂದರೆ ಒಂದು ಎಂಎಲ್‌ನಲ್ಲಿ 40 ಯೂನಿಟ್, 10 ಎಂಎಲ್ ಬಾಟಲಿಯಲ್ಲಿ 400. ಪೆನ್ನಿಗೆ ಹಾಕುವ ಕಾರ್ಟ್ರಿಜ್ ಯು-100. ಯು-40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, ಯು-100ಕ್ಕೆ ಕಿತ್ತಳೆ ಮುಚ್ಚಳದ್ದು. ಮುಚ್ಚಳ ಕಿತ್ತು ಬಿಸಾಡಿದ ಮೇಲೆ ಎರಡೂ ಅಣ್ಣತಮ್ಮಂದಿರ ಹಾಗೆ ಕಾಣುವುದು.

ಚೀಟಿಯಲ್ಲಿ 20 ಯೂನಿಟ್ ಅಂತ ಉಂಟು. ಯು-40 ಬಾಟಲಿಯಿಂದ ಕಿತ್ತಳೆ ಸಿರಿಂಜ್‌ನಲ್ಲಿ 20ರ ಗೆರೆವರೆಗೆ ಎಳೆದರೆ ಬರುವುದು 0.2 ಎಂಎಲ್, ಅಂದರೆ ಬರೀ 8 ಯೂನಿಟ್. ಸಕ್ಕರೆ ಇಳಿಯುವುದಿಲ್ಲ, ಡಾಕ್ಟರು ಡೋಸ್ ಏರಿಸುತ್ತಾರೆ, ಒಂದು ದಿನ ಸರಿಯಾದ ಸಿರಿಂಜ್ ಕೈಗೆ ಸಿಕ್ಕಿದಾಗ ಏರಿಸಿದ ಡೋಸ್ ಪೂರ್ತಿ ಒಳಗೆ ಹೋಗುತ್ತದೆ. ಇದರ ಉಲ್ಟಾ ಇನ್ನೂ ಅಪಾಯ. ಪೆನ್ ಹಾಳಾಯಿತು ಅಂತ ಕಾರ್ಟ್ರಿಜ್‌ಗೆ ಕೆಂಪು ಸಿರಿಂಜ್ ಚುಚ್ಚಿ 20ರ ಗೆರೆಗೆ ಎಳೆದರೆ 0.5 ಎಂಎಲ್. ಅದರಲ್ಲಿ 50 ಯೂನಿಟ್. ಬೆವರು, ನಡುಕ, ಆಮೇಲೆ ಎಚ್ಚರವೇ ಇಲ್ಲ.

ಇನ್ನು ಚುಚ್ಚುವ ಜಾಗ. ಹೊಕ್ಕುಳ ಪಕ್ಕದ ಅದೇ ಎರಡು ಬೆರಳಗಲದಲ್ಲಿ ವರ್ಷಗಟ್ಟಲೆ ಚುಚ್ಚಿದರೆ ಚರ್ಮದಡಿ ಮೆತ್ತನೆಯ ಕೊಬ್ಬಿನ ಗಂಟು ಕಟ್ಟುತ್ತದೆ. ಅಲ್ಲಿ ಚುಚ್ಚಿದರೆ ನೋವಿಲ್ಲ, ಅದಕ್ಕೇ ಜನರಿಗೆ ಅದೇ ಜಾಗ ಇಷ್ಟ. ಆದರೆ ಆ ಗಂಟಿನಿಂದ ಇನ್ಸುಲಿನ್ ಹೀರುವುದು ಒಂದು ದಿನ ಒಂದೊಂದು ರೀತಿ. ಗಂಟು ಬಿಟ್ಟು ಒಳ್ಳೆಯ ಜಾಗಕ್ಕೆ ಬರುವಾಗ ಡೋಸ್ ಸ್ವಲ್ಪ ಇಳಿಸಬೇಕಾಗುತ್ತದೆ, ಡಾಕ್ಟರನ್ನು ಕೇಳಿಯೇ ಮಾಡಿ. ಪೆನ್ನಿಗಾದರೆ 4 ಮಿ.ಮೀ ಸೂಜಿ ಬಹುತೇಕ ಎಲ್ಲರಿಗೂ ಸಾಕು. ಹಾಲಿನಂತೆ ಬಿಳಿ ಇರುವ 30/70 ಇನ್ಸುಲಿನ್‌ನ್ನು ಅಂಗೈ ನಡುವೆ ಉರುಳಿಸಿ ಮಿಶ್ರ ಮಾಡಬೇಕು, ಜೋರಾಗಿ ಕುಲುಕಬಾರದು. ಫ್ರೀಜರ್ ಕೆಳಗಿನ ಟ್ರೇಯಲ್ಲಿಟ್ಟು ಒಮ್ಮೆ ಗಟ್ಟಿಯಾಯಿತೋ, ಕರಗಿದ ಮೇಲೆ ನೋಡಲಿಕ್ಕೆ ಸರಿ ಇದ್ದರೂ ಚರಂಡಿಗೇ.

ಬೀಟಾಕಣ

ಕುಡ್ಲದವರೇ, ನೀವು ಬರೆದದ್ದೇ ನನ್ನ ಪರ ವಾದ ಆಯ್ತಲ್ಲ! ಮುಚ್ಚಳದ ಬಣ್ಣ ತಪ್ಪಿದರೆ ಎರಡೂವರೆ ಪಟ್ಟು ಹೆಚ್ಚುಕಮ್ಮಿ ಆಗೋ ಚಿಕಿತ್ಸೆ, ಅದೂ ಓದು ಬಾರದ ಮನೆಯಲ್ಲಿ, ಕಣ್ಣು ಮಂಜಾದ ಅಜ್ಜಿಯ ಕೈಲಿ. ಅದನ್ನು "ಇದೆಯಲ್ಲ, ಸಾಕು" ಅನ್ನೋದು ಹೇಗೆ?

ಓಪಿಡಿ_3

ನನ್ನ ತಕರಾರು ಬೇರೆ. ಹೊಸ ಔಷಧಿ ಯಾರ ಮೈಗೆ ಅಳತೆ ತೆಗೆದು ಹೊಲಿದದ್ದು ಅನ್ನೋದು.

ಸಕ್ಕರೆ ಜೊತೆ ತೂಕವನ್ನೂ ಇಳಿಸೋ ಇಂಜೆಕ್ಷನ್ ಟಿರ್ಜೆಪಟೈಡ್‌ನ ದೊಡ್ಡ ಪ್ರಯೋಗಗಳಲ್ಲಿ ಒಂದಾದ ಸರ್ಪಾಸ್-2ರಲ್ಲಿ ಭಾಗವಹಿಸಿದವರ ಸರಾಸರಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 34. ನಮ್ಮ ತಾಲ್ಲೂಕು ಆಸ್ಪತ್ರೆಗಳ ಸಾಲಿನಲ್ಲಿ ನಿಂತವರನ್ನು ನೋಡಿ: 22, 23, ಕೆಲವರು 19. ಭಾರತೀಯರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಅಂತ ಕಡಿಮೆ ಗೆರೆ ಇಟ್ಟುಕೊಂಡಿರೋದಕ್ಕೂ ಕಾರಣ ಇದೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಯಡ್ಕಿನ್ ಒಟ್ಟಿಗೆ ನಿಂತ ಫೋಟೊ 2004ರ ಲ್ಯಾನ್ಸೆಟ್‌ನಲ್ಲಿ ಬಂದಿತ್ತು. ಇಬ್ಬರದೂ ಬಿಎಂಐ 22.3. ಯಡ್ಕಿನ್ ಮೈಯಲ್ಲಿ ಕೊಬ್ಬು 9.1 ಶೇಕಡಾ, ಯಾಜ್ಞಿಕ್ ಮೈಯಲ್ಲಿ 21.2. ತಕ್ಕಡಿಗೆ ಕಾಣದ ಕೊಬ್ಬು, ಸ್ನಾಯು ಕಡಿಮೆ, ಬೀಟಾ ಕಣದ ಬಂಡವಾಳವೂ ಕಡಿಮೆ.

ಚೆನ್ನೈನ ತಂಡ 2020ರಲ್ಲಿ ಭಾರತೀಯ ರೋಗಿಗಳನ್ನು ನಾಲ್ಕು ಗುಂಪು ಮಾಡಿ ತೋರಿಸಿತು. ಸುಮಾರು ಕಾಲುಭಾಗ ಜನರಲ್ಲಿ ಮುಖ್ಯ ತೊಂದರೆ ಇನ್ಸುಲಿನ್ ತಯಾರಾಗದಿರೋದು. ಇವರಲ್ಲಿ ಕಣ್ಣಿನ ತೊಂದರೆ ಬೇಗ. ಇವರಿಗೂ, ಹೊಟ್ಟೆ ಬಂದ ಇನ್ನೊಂದು ಗುಂಪಿಗೂ ನಾವು ಬರೆಯೋದು ಅದೇ ಚೀಟಿ: ಮೆಟ್‌ಫಾರ್ಮಿನ್ 500, ಗ್ಲಿಮೆಪಿರೈಡ್ 1, ಮೂರು ತಿಂಗಳು ಬಿಟ್ಟು ಬನ್ನಿ.

ಇದರಾಚೆ ಇನ್ನೊಂದು ಗುಂಪು. ಬಾಲ್ಯದಲ್ಲಿ ಅರೆಹೊಟ್ಟೆ ಉಂಡು ಬೆಳೆದ, ಬಿಎಂಐ 18-19ರ ಯುವಕರು. ಸಕ್ಕರೆ 300-400 ಇದ್ದರೂ ಕೀಟೋನ್ (ಕೊಬ್ಬು ಕರಗಿದಾಗ ಹುಟ್ಟೋ ಆಮ್ಲ) ಏರೋದಿಲ್ಲ. ಟೈಪ್ 1 (ಸ್ವಂತ ಇನ್ಸುಲಿನ್ ಹೆಚ್ಚುಕಮ್ಮಿ ನಿಂತೇಹೋಗೋ ಥರದ್ದು) ಅಂತ ದೊಡ್ಡ ಡೋಸ್ ಇನ್ಸುಲಿನ್ ಕೊಟ್ಟರೆ ಸಕ್ಕರೆ ಧಡಾರನೆ ಬೀಳುತ್ತೆ. ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಇದಕ್ಕೊಂದು ವರ್ಗ ಮಾಡಿ, 1999ರಲ್ಲಿ ತೆಗೆದುಹಾಕಿತ್ತು. ವೆಲ್ಲೂರಿನ ಸಿಎಂಸಿ ಮತ್ತು ನ್ಯೂಯಾರ್ಕಿನ ಸಂಶೋಧಕರು 2022ರಲ್ಲಿ ಇವರಲ್ಲಿ ಇನ್ಸುಲಿನ್ ಸ್ರವಿಸೋದೇ ಕಡಿಮೆ ಅಂತ ಅಳೆದು ತೋರಿಸಿದರು. 2025ರ ಏಪ್ರಿಲ್‌ನಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಬ್ಯಾಂಕಾಕ್‌ನಲ್ಲಿ ಇದನ್ನು ಟೈಪ್ 5 ಅಂತ ಕರೆಯಿತು. ಹೆಸರು ಬಂತು, ಔಷಧಿ ಬಂದಿಲ್ಲ. ತೂಕ ಇಳಿಸೋ ಇಂಜೆಕ್ಷನ್ ಇವರಿಗೆ ಕೊಡೋದು ಅಂದ್ರೆ ಹಸಿದವನ ತಟ್ಟೆ ಕಿತ್ತುಕೊಂಡ ಹಾಗೆ.

ಲ್ಯಾಬ್_ಟ್ಯೂಬ್

ಓಪಿಡಿ ಸರ್ ಹೇಳಿದ ವಿಂಗಡಣೆಗೆ ಜೀನ್ ಪರೀಕ್ಷೆಯೇನೂ ಬೇಡ. ಸಿ-ಪೆಪ್ಟೈಡ್ ಒಂದು ಮಾಡಿಸಿದರೆ ಅರ್ಧ ಗೊತ್ತಾಗುತ್ತೆ. ದೇಹ ಒಂದು ಅಣು ಇನ್ಸುಲಿನ್ ಮಾಡಿದಾಗ ಜೊತೆಗೆ ಒಂದು ಅಣು ಸಿ-ಪೆಪ್ಟೈಡ್ ಹೊರಬೀಳುತ್ತೆ. ಹೊರಗಿಂದ ಚುಚ್ಚಿದ ಇನ್ಸುಲಿನ್‌ನಲ್ಲಿ ಅದು ಇರೋದಿಲ್ಲ, ಹಾಗಾಗಿ ಇನ್ಸುಲಿನ್ ತಗೊಳ್ಳೋರಲ್ಲೂ ಅಳೀಬಹುದು. 0.6 ನ್ಯಾನೊಗ್ರಾಂ/ಎಂಎಲ್‌ಗಿಂತ ಕಡಿಮೆ ಇದ್ರೆ ಬೀಟಾ ಕಣ ಹೆಚ್ಚುಕಮ್ಮಿ ಖಾಲಿ. 1.8 ದಾಟಿದ್ರೆ ಸ್ವಂತ ಉತ್ಪಾದನೆ ಇದೆ, ತೊಂದರೆ ಬೇರೆ ಕಡೆ.

ಎಡವಟ್ಟಾಗೋದು ಇಲ್ಲಿ: ಸಿ-ಪೆಪ್ಟೈಡ್ ಜೊತೆಗೇ ಅದೇ ರಕ್ತದಲ್ಲಿ ಗ್ಲೂಕೋಸ್ ನೋಡಬೇಕು. ಸಕ್ಕರೆ 70ಕ್ಕೆ ಬಿದ್ದಾಗ ರಕ್ತ ತೆಗೆದರೆ ಚೆನ್ನಾಗಿರೋ ಬೀಟಾ ಕಣವೂ ಬಾಯಿ ಮುಚ್ಚಿಕೊಂಡಿರುತ್ತೆ, ವರದಿ ಸುಳ್ಳೇ ಕಡಿಮೆ ಬರುತ್ತೆ. ಕಿಡ್ನಿ ಕೆಟ್ಟಿದ್ರೆ ಸುಳ್ಳೇ ಜಾಸ್ತಿ, ಯಾಕಂದ್ರೆ ಅದನ್ನು ಹೊರಹಾಕೋದು ಕಿಡ್ನಿ.

ಎಚ್‌ಬಿಎ1ಸಿ ಬಗ್ಗೆಯೂ ಎರಡು ಮಾತು. ಕಬ್ಬಿಣಾಂಶ ಕೊರತೆಯ ರಕ್ತಹೀನತೆ ಇದ್ರೆ ಎಚ್‌ಬಿಎ1ಸಿ ಇರೋದಕ್ಕಿಂತ ಹೆಚ್ಚು ತೋರಿಸಬಹುದು. ಕಬ್ಬಿಣದ ಮಾತ್ರೆ ಕೊಟ್ಟು ಮೂರು ತಿಂಗಳಾದ ಮೇಲೆ ತಾನಾಗೇ ಇಳಿಯುತ್ತೆ. ಅದೇ ಹೊತ್ತಿಗೆ ಯಾವುದೋ ಹೊಸ ಮಾತ್ರೆಯೋ ಕಷಾಯವೋ ಶುರುವಾಗಿದ್ರೆ ಕೀರ್ತಿಯೆಲ್ಲ ಅದಕ್ಕೆ! ಅನುಮಾನ ಬಂದ್ರೆ ಫ್ರಕ್ಟೋಸಮೈನ್ ಮಾಡಿಸಿ, ಅದು ಎರಡು-ಮೂರು ವಾರದ ಲೆಕ್ಕ ಕೊಡುತ್ತೆ, ಹಿಮೋಗ್ಲೋಬಿನ್ ಹಂಗಿಲ್ಲ.

ಧಾರವಾಡ_ಪೇಢಾ

ಎಲ್ಲಾರೂ ಹೊಸಾದು ಹೊಸಾದು ಅಂತೀರಲ್ರೀ, ಹೊಸಾವು ಏನೇನ್ ಮಾಡ್ಯಾವ ಅಂತ ಒಂದ್ ಸಲ ಹೊಳ್ಳಿ ನೋಡ್ರಿ. ಟ್ರೋಗ್ಲಿಟಜೋನ್ ಬಂತು, ಲಿವರ್ ಕೆಡಿಸ್ತು, 2000ದಾಗ ಅಮೆರಿಕದ ಪ್ಯಾಟಿಯಿಂದ ಹೋತು. ಅದರ ತಮ್ಮ ರೋಸಿಗ್ಲಿಟಜೋನ್ ಬಂತು, ಹೃದಯಾಘಾತದ ಸಂಶಯ ಎದ್ದು 2010ರಾಗ ನಮ್ಮ ದೇಶದಾಗ ಬಂದ್ ಆತು. ಪಯೋಗ್ಲಿಟಜೋನ್ 2013ರ ಜೂನ್‌ದಾಗ ನಿಲ್ಲಿಸಿದ್ರು, ಮುಂದಿನ ತಿಂಗಳಾ ಎಚ್ಚರಿಕೆ ಚೀಟಿ ಹಚ್ಚಿ ಹೊಳ್ಳಿ ಬಿಟ್ರು. ಮೂತ್ರಕೋಶದ ಕ್ಯಾನ್ಸರ್ ಬಂದವ್ರಿಗೆ ಕೊಡಬ್ಯಾಡ್ರಿ ಅಂತ. ಮೂಗಿನ್ಯಾಗಲ್ಲ, ಬಾಯಿಂದ ಎಳಕೊಳ್ಳೂ ಇನ್ಸುಲಿನ್ ಎಕ್ಸುಬೆರಾ 2006ಕ್ಕ ಬಂದು 2007ಕ್ಕ ಮಕಾಡೆ ಮಲಗಿತು. ಅದರ ಕೊಳವಿ ಟೆನಿಸ್ ಬಾಲ್ ಡಬ್ಬಿಯಷ್ಟ್ ಇತ್ತು, ನಾಕು ಮಂದಿ ಮುಂದ ಯಾರ್ ಎಳೀತಾರ?

ಅಷ್ಟ ಅಲ್ಲ. ಸಕ್ಕರಿ ಭಾಳ ಇಳಿಸಿದ್ರ ಛಲೋ ಅನ್ನೋದೂ ಸುಳ್ಳಾತು. ಅಕಾರ್ಡ್ ಅಂತ ಅಧ್ಯಯನ, ಎಚ್‌ಬಿಎ1ಸಿ 6ರ ಕೆಳಗ ತರಬೇಕು ಅಂತ ಹಟ ಹಿಡಿದ ಗುಂಪಿನ್ಯಾಗ ಸತ್ತವ್ರು ಹೆಚ್ಚಾಗಿ 2008ರಾಗ ಆ ಭಾಗ ಅರ್ಧಕ್ಕ ನಿಲ್ಲಿಸಿದ್ರು. ನಂಬರ್ ಇಳಿಸೂ ಔಷಧ ಇನ್ನೊಂದು ಬ್ಯಾಡ್ರಿ. ಮನಶ್ಯಾ ಉಳಿಯೂ ಔಷಧ ಇದ್ರ ಹೇಳ್ರಿ.

ಓಪಿಡಿ_3

ಪೇಢಾ ಅವರೇ, ಸಿಹಿ ಹೆಸರಿಟ್ಟುಕೊಂಡು ಖಾರ ಬರೀತೀರಿ. ಆದರೆ ಈ ಕತೆಯ ಮುಂದಿನ ಭಾಗವೇ ಮಜವಾಗಿದೆ.

ರೋಸಿಗ್ಲಿಟಜೋನ್ ರಾದ್ಧಾಂತದಿಂದ 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೊಸ ನಿಯಮ ಮಾಡಿತು: ಸಕ್ಕರೆ ಕಾಯಿಲೆಯ ಯಾವುದೇ ಹೊಸ ಔಷಧಿ ಹೃದಯಕ್ಕೆ ಹಾನಿ ಮಾಡೋದಿಲ್ಲ ಅಂತ ತೋರಿಸಬೇಕು. ಹಾನಿ ಇಲ್ಲ ಅಂತ ತೋರಿಸೋಕೆ ಮಾಡಿದ ಪ್ರಯೋಗದಲ್ಲೇ ಲಾಭ ಕಂಡುಬಿಟ್ಟಿತು. 2015ರ ಎಂಪಾ-ರೆಗ್ ಪ್ರಯೋಗದಲ್ಲಿ ಹೃದ್ರೋಗ ಇದ್ದ 7,020 ಜನ. ಎಂಪಾಗ್ಲಿಫ್ಲೋಜಿನ್ ತಗೊಂಡವರಲ್ಲಿ ಹೃದಯ ಸಂಬಂಧಿ ಸಾವು 38 ಶೇಕಡಾ ಕಡಿಮೆ. ಸಕ್ಕರೆ ಇಳಿದದ್ದು ಅಲ್ಪ. ಹಾಗಾಗಿ ಆ ಲಾಭ ಸಕ್ಕರೆ ಇಳಿದದ್ದರಿಂದಲ್ಲ. ನೀವು ಕೇಳಿದ "ಮನಶ್ಯಾ ಉಳಿಯೂ ಔಷಧ" ಸಿಕ್ಕಿದ್ದು ಹೀಗೆ. ಕಿಡ್ನಿಗೂ ಇದೇ ಗುಂಪು, ಜೊತೆಗೆ ಫಿನೆರಿನೋನ್ ಅನ್ನೋ ಮಾತ್ರೆ. 2024ರ ಫ್ಲೋ ಪ್ರಯೋಗದಿಂದ ಸೆಮಾಗ್ಲುಟೈಡ್ ಇಂಜೆಕ್ಷನ್ ಕೂಡ ಈ ಪಟ್ಟಿಗೆ ಸೇರಿತು.

ಎಂಪಾಗ್ಲಿಫ್ಲೋಜಿನ್ ಪೇಟೆಂಟ್ ನಮ್ಮಲ್ಲಿ 2025ರ ಮಾರ್ಚ್‌ನಲ್ಲಿ ಮುಗಿಯಿತು. 60 ರೂಪಾಯಿ ಆಸುಪಾಸಿದ್ದ ಮಾತ್ರೆ ಹತ್ತರ ಆಸುಪಾಸಿಗೆ ಬಂತು. ಅಗ್ಗ ಆದಮೇಲೆ ಎಲ್ಲರಿಗೂ ಬರೆಯೋ ಚಾಳಿ ಶುರು. ಅದಕ್ಕೇ ಇದನ್ನು ಬಿಡಿಸಿ ಹೇಳ್ತೀನಿ.

ಈ ಮಾತ್ರೆ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತೆ. ಮೈಯಲ್ಲಿ ಇನ್ಸುಲಿನ್ ತೀರಾ ಕಡಿಮೆ ಇರೋ ತೆಳ್ಳನೆ ವ್ಯಕ್ತಿ ಇದನ್ನು ತಗೊಂಡು ಉಪವಾಸ ಮಾಡಿದರೆ, ವಾಂತಿ-ಭೇದಿ ಹಿಡಿದರೆ ಅಥವಾ ಇನ್ಸುಲಿನ್ ಬಿಟ್ಟರೆ ದೇಹ ಕೊಬ್ಬು ಕರಗಿಸಿ ಕೀಟೋನ್ ಮಾಡುತ್ತೆ. ರಕ್ತ ಹುಳಿಯಾಗುತ್ತೆ. ಆದರೆ ಗ್ಲುಕೋಮೀಟರ್‌ನಲ್ಲಿ 180 ಅಷ್ಟೇ! ಸಕ್ಕರೆ ಹೆಚ್ಚಿಲ್ಲ ಅಂತ ಮನೆಯವರೂ, ಕೆಲವು ಸಲ ಕ್ಯಾಜುವಾಲ್ಟಿಯವರೂ ಗ್ಯಾಸ್ಟ್ರಿಕ್ ಅಂದುಕೊಂಡು ಇಂಜೆಕ್ಷನ್ ಕೊಟ್ಟು ಕಳಿಸ್ತಾರೆ. ವಾಂತಿ, ಹೊಟ್ಟೆನೋವು, ಏದುಸಿರು, ಈ ಮಾತ್ರೆ: ಇವು ಒಟ್ಟಿಗೆ ಇದ್ದರೆ ರಕ್ತದ ಕೀಟೋನ್ ನೋಡಲೇಬೇಕು. 1.5 ಮಿಲಿಮೋಲ್/ಲೀಟರ್ ದಾಟಿದರೆ ಕೂಡಲೇ ಡಾಕ್ಟರ್, 3 ಮುಟ್ಟಿದರೆ ತುರ್ತು ಚಿಕಿತ್ಸೆ. ಶಸ್ತ್ರಚಿಕಿತ್ಸೆಗೆ ಕನಿಷ್ಠ ಮೂರು ದಿನ ಮೊದಲು ನಿಲ್ಲಿಸಬೇಕು. ಏಕಾದಶಿಗೆ ನೀರೂ ಮುಟ್ಟದವರು, ರಂಜಾನ್ ಉಪವಾಸ ಇರೋರು ಮುಂಚೆಯೇ ಡಾಕ್ಟರ್ ಹತ್ತಿರ ಮಾತಾಡಲಿ. ಇನ್ನೊಂದು, ಗುಪ್ತಾಂಗದಲ್ಲಿ ತುರಿಕೆ, ಬಿಳಿ ಫಂಗಸ್. ಹೇಳೋಕೆ ನಾಚಿ ಮಾತ್ರೆಯನ್ನೇ ಸದ್ದಿಲ್ಲದೆ ಬಿಡ್ತಾರೆ. ಮೂತ್ರ ಮಾಡಿದ ಮೇಲೆ ನೀರಿನಲ್ಲಿ ತೊಳೆದು ಒರೆಸಿಕೊಳ್ಳಿ ಅಂತ ಮಾತ್ರೆ ಬರೆಯುವಾಗಲೇ ಹೇಳಿದರೆ ಎಷ್ಟೋ ಕಡಿಮೆಯಾಗುತ್ತೆ.

ಕೆಮಿಸ್ಟ್_ಕುಡ್ಲ

ಹಸಿವು ತಗ್ಗಿಸುವ ಜಿಎಲ್‌ಪಿ-1 ಜಾತಿಯ ಔಷಧಗಳ (ಟಿರ್ಜೆಪಟೈಡ್, ಸೆಮಾಗ್ಲುಟೈಡ್) ಬಗ್ಗೆ ಯಾರೂ ಬಿಡಿಸಿ ಬರೆಯಲಿಲ್ಲ, ಕೌಂಟರಿನಲ್ಲಿ ಈಗ ಕೇಳುವುದೇ ಅದನ್ನು.

ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ ನಮ್ಮಲ್ಲಿ ಬಂದಾಗ 2.5 ಮಿ.ಗ್ರಾಂ ವಯಲ್ 3,500 ರೂಪಾಯಿ, 5 ಮಿ.ಗ್ರಾಂ 4,375. ವಾರಕ್ಕೊಂದು. ತಿಂಗಳಿಗೆ ನಾಲ್ಕು ಅಂದರೆ 14,000ದಿಂದ 17,500. ಜೀವನಪೂರ್ತಿ ತೆಗೆದುಕೊಳ್ಳಬೇಕಾದ ಔಷಧಕ್ಕೆ ಇದು ಎಷ್ಟು ಮನೆಗೆ ಆಗುವ ಮಾತು? ಬಿಟ್ಟರೆ ಹಸಿವೂ ತೂಕವೂ ವಾಪಸ್ ಬರುತ್ತದೆ. ಸೆಮಾಗ್ಲುಟೈಡ್‌ದು ಪೇಟೆಂಟ್ ಅವಧಿ ನಮ್ಮಲ್ಲಿ 2026ರ ಮಾರ್ಚ್‌ಗೆ ಮುಗಿಯುವಂಥದ್ದು. ಬೆಲೆಯ ಲೆಕ್ಕ ಬದಲಾಗುವುದು ಅಲ್ಲಿಂದ.

ತಪ್ಪುಗಳು: ಡೋಸ್ ಬೇಗ ಏರಿಸುವುದು ಒಂದು. 2.5ರಲ್ಲಿ ನಾಲ್ಕು ವಾರ ಇರುವುದು ಹೊಟ್ಟೆಗೆ ಅಭ್ಯಾಸ ಆಗಲಿಕ್ಕೆ, ಸಕ್ಕರೆ ಇಳಿಸಲಿಕ್ಕೆ ಅಲ್ಲ. "ಏನೂ ಆಗಲಿಲ್ಲ" ಅಂತ ಎರಡನೇ ವಾರವೇ ಏರಿಸಿದರೆ ವಾಂತಿ, ನಿರ್ಜಲೀಕರಣ. ಎರಡನೆಯದು, ವಯಲ್ ಯಾವ ಶಕ್ತಿಯದ್ದಾದರೂ ಒಳಗಿನ ದ್ರವ 0.5 ಎಂಎಲ್ಲೇ. ಯು-100 ಸಿರಿಂಜ್‌ನಲ್ಲಿ ಅದು 50ರ ಗೆರೆ, ಯು-40ರಲ್ಲಿ 20ರ ಗೆರೆ. ಇಲ್ಲಿಯೂ ಅದೇ ಸಿರಿಂಜ್ ಭೂತ.

ಮೂರನೆಯದು ನುಂಗುವ ಸೆಮಾಗ್ಲುಟೈಡ್. 3, 7, 14 ಮಿ.ಗ್ರಾಂ. ಬೆಳಿಗ್ಗೆ ಎದ್ದ ಕೂಡಲೇ, ಖಾಲಿ ಹೊಟ್ಟೆಗೆ, ಅರ್ಧ ಲೋಟ ನೀರಿಗಿಂತ ಹೆಚ್ಚಿಲ್ಲ, 120 ಎಂಎಲ್ ಮಿತಿ. ಆಮೇಲೆ ಅರ್ಧ ಗಂಟೆ ಕಾಫಿ ಇಲ್ಲ, ಥೈರಾಯ್ಡ್ ಮಾತ್ರೆ ಇಲ್ಲ, ಏನೂ ಇಲ್ಲ. ಒಂದು ಚೊಂಬು ಬಿಸಿನೀರಿನ ಜೊತೆ ನುಂಗಿದರೆ ಆ ದಿನದ ದುಡ್ಡು ಶೌಚಕ್ಕೆ.

ಹುದುಗು_ತೊಟ್ಟಿ

ಆ ಕೊನೆಯ ಸಾಲಿನ ಹಿಂದಿನ ಕಾರಣ ನಮ್ಮ ಕಸುಬಿಗೆ ಸೇರಿದ್ದು, ಸ್ವಲ್ಪ ಬಿಡಿಸುತ್ತೇನೆ.

ಪೆಪ್ಟೈಡ್ ಅಂದರೆ ಪ್ರೋಟೀನಿನ ತುಂಡು. ಹೊಟ್ಟೆಗೆ ಅದು ಬೇಳೆ-ಮೊಟ್ಟೆಯಷ್ಟೇ. ಜೀರ್ಣ ಮಾಡಿ ಹಾಕುತ್ತದೆ. ಸೆಮಾಗ್ಲುಟೈಡ್ ಮಾತ್ರೆಯಲ್ಲಿ ಸ್ನ್ಯಾಕ್ ಎಂಬ ಕೊಬ್ಬಿನಾಮ್ಲದ ಲವಣ ಇದೆ. ಮಾತ್ರೆ ಜಠರದ ಗೋಡೆಗೆ ಅಂಟಿ ಕರಗುವಾಗ ಅದು ಸುತ್ತಲಿನ ಆಮ್ಲವನ್ನು ತಗ್ಗಿಸಿ, ಔಷಧಿಯನ್ನು ಅಲ್ಲಿಂದಲೇ ರಕ್ತಕ್ಕೆ ದಾಟಿಸುತ್ತದೆ. ನೀರು ಹೆಚ್ಚಾದರೆ ಆ ದಟ್ಟಣೆ ಮುರಿಯುತ್ತದೆ. ಎಲ್ಲ ಸರಿ ಮಾಡಿದರೂ ರಕ್ತ ಸೇರುವುದು ಒಂದು ಶೇಕಡಾದಷ್ಟು ಮಾತ್ರ. ದಿನಕ್ಕೆ 14 ಮಿ.ಗ್ರಾಂ, ವಾರಕ್ಕೆ 98. ಇಂಜೆಕ್ಷನ್‌ನಲ್ಲಿ ಬಹುತೇಕ ಅದೇ ಕೆಲಸಕ್ಕೆ ವಾರಕ್ಕೆ 1 ಮಿ.ಗ್ರಾಂ ಸಾಕು. ಕಾರ್ಖಾನೆಯ ಕಣ್ಣಿನಲ್ಲಿ ಇದು ನೂರು ಕೊಡ ಹಾಲು ಕರೆದು ತೊಂಬತ್ತೊಂಬತ್ತನ್ನು ಚೆಲ್ಲಿದ ಹಾಗೆ. ಹೀಗಾಗಿಯೇ ಪೆಪ್ಟೈಡ್ ಅಲ್ಲದ ಸಣ್ಣ ಅಣುವಿನ ಮೇಲೆ ಎಲ್ಲರ ಕಣ್ಣು. ಓರ್ಫೊರ್ಗ್ಲಿಪ್ರಾನ್ ಅಂಥ ಜಿಎಲ್‌ಪಿ-1 ಮಾತ್ರೆ. ನೀರು-ಊಟದ ಕಟ್ಟಳೆ ಇಲ್ಲ, ಮಾಮೂಲಿ ಮಾತ್ರೆಯಂತೆ ರಾಸಾಯನಿಕವಾಗಿ ತಯಾರಿಸಬಹುದು. ಅದೇ ಜಾತಿಯ ಡಾನುಗ್ಲಿಪ್ರಾನ್ ಅನ್ನು ಯಕೃತ್ತಿಗೆ ಪೆಟ್ಟಾದ ಸಂಶಯದಿಂದ 2025ರ ಏಪ್ರಿಲ್‌ನಲ್ಲಿ ಕೈಬಿಟ್ಟರು, ಪೇಢಾ ಅವರು ಇದನ್ನೂ ಪಟ್ಟಿಗೆ ಸೇರಿಸಿಕೊಳ್ಳಲಿ.

ನುಂಗುವ ಇನ್ಸುಲಿನ್ ಕನಸಿಗೆ ಬೆಂಗಳೂರಿನ ನಂಟಿದೆ. ಬಯೋಕಾನ್ 2004ರಲ್ಲಿ ಪಿಕಿಯಾ ಎಂಬ ಯೀಸ್ಟ್‌ನಿಂದ ಮಾನವ ಇನ್ಸುಲಿನ್ ತಯಾರಿಸಿ ಮಾರುಕಟ್ಟೆಗೆ ತಂದಿತು. ಆಮೇಲೆ ಐಎನ್-105 ಎಂಬ ನುಂಗುವ ಇನ್ಸುಲಿನ್, ಮುಂದೆ ಅದಕ್ಕೆ ಟ್ರೆಗೊಪಿಲ್ ಎಂಬ ಹೆಸರು. 2011ರಲ್ಲಿ ಮೂರನೇ ಹಂತದ ಪ್ರಯೋಗದ ಮುಖ್ಯ ಗುರಿ ಅದಕ್ಕೆ ದಕ್ಕಲಿಲ್ಲ. ನುಂಗುವ ಇನ್ಸುಲಿನ್‌ನ ಆಸೆ ಯಾಕೆ ಬಿಡುವುದಿಲ್ಲ ಎಂದರೆ, ಕರುಳಿನಿಂದ ಹೀರಿದ್ದು ಮೊದಲು ಯಕೃತ್ತಿಗೆ ಹೋಗುತ್ತದೆ, ನಮ್ಮ ಗ್ರಂಥಿ ಬಿಡುವ ಇನ್ಸುಲಿನ್‌ನ ದಾರಿಯೇ ಅದು. ಕಷ್ಟ ಏನೆಂದರೆ, ಇನ್ಸುಲಿನ್‌ಗೆ ಡೋಸ್‌ನ ಸಡಿಲ ಇಲ್ಲ. ಇವತ್ತು ಅರ್ಧ ಶೇಕಡಾ, ನಾಳೆ ಒಂದೂವರೆ ಶೇಕಡಾ ಹೀರಿದರೆ ಮೂರು ಪಟ್ಟು ವ್ಯತ್ಯಾಸ. ಸೆಮಾಗ್ಲುಟೈಡ್ ವಾರಗಟ್ಟಲೆ ಮೈಯಲ್ಲಿ ಉಳಿಯುವುದರಿಂದ ಏರುಪೇರು ಸರಿದೂಗುತ್ತದೆ, ಊಟದ ಇನ್ಸುಲಿನ್‌ಗೆ ಆ ಸೌಲಭ್ಯ ಇಲ್ಲ.

ವಾರಕ್ಕೊಮ್ಮೆಯ ಇನ್ಸುಲಿನ್ ಐಕೊಡೆಕ್ ಯುರೋಪಿನಲ್ಲಿ 2024ರ ಮೇನಲ್ಲಿ ಅನುಮತಿ ಪಡೆಯಿತು, ಅದೇ ಜುಲೈನಲ್ಲಿ ಅಮೆರಿಕ ತಡೆಹಿಡಿಯಿತು. ರಕ್ತದ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ನಿಧಾನ ಬಿಡಿಸಿಕೊಳ್ಳುವ ಅಣು, ಅರ್ಧಾಯುಷ್ಯ ಸುಮಾರು 8 ದಿನ. ವರ್ಷಕ್ಕೆ 365 ಚುಚ್ಚು 52ಕ್ಕೆ ಇಳಿಯುತ್ತದೆ. ಆದರೆ ಸೋಮವಾರ ಚುಚ್ಚಿ ಬುಧವಾರ ಜ್ವರ ಬಂದು ಊಟ ಸೇರದಿದ್ದರೆ ಒಳಗೆ ಹೋದದ್ದನ್ನು ವಾಪಸ್ ತೆಗೆಯಲಾಗದು. ಟೈಪ್ 1ರಲ್ಲಿ ಸಕ್ಕರೆ ಬೀಳುವ ಪ್ರಸಂಗ ಹೆಚ್ಚು ಕಂಡದ್ದೂ ಹೀಗೆಯೇ. ಬಳಕೆಗೆ ಬಂದರೆ ಇಲ್ಲಿನ ದೊಡ್ಡ ಅಪಾಯ ಒಂದೇ: "ಇನ್ಸುಲಿನ್ ದಿನಾ ಚುಚ್ಚಬೇಕು" ಎಂಬ ಹಳೆಯ ರೂಢಿಯಲ್ಲಿ ವಾರದ ಡೋಸನ್ನು ದಿನಾ ಚುಚ್ಚುವುದು. ಅದರ ಸಾಂದ್ರತೆ ಯು-700.

ನನ್ನ ದೃಷ್ಟಿಯಲ್ಲಿ ನಿಜವಾದ ಹೊಸದು ಇನ್ನೂ ಪ್ರಯೋಗಾಲಯದಲ್ಲಿದೆ. 2024ರ ಅಕ್ಟೋಬರ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಎನ್‌ಎನ್‌ಸಿ2215. ಇನ್ಸುಲಿನ್ ಅಣುವಿಗೇ ಒಂದು ಉಂಗುರ ಮತ್ತು ಸಕ್ಕರೆಯಂಥ ಒಂದು ಕೊಂಡಿ ಜೋಡಿಸಿದ್ದಾರೆ. ರಕ್ತದಲ್ಲಿ ಸಕ್ಕರೆ ಕಡಿಮೆ ಇದ್ದಾಗ ಕೊಂಡಿ ಉಂಗುರದೊಳಗೆ ಸಿಕ್ಕಿಕೊಂಡು ಇನ್ಸುಲಿನ್ ಮಡಚಿ ಕೂರುತ್ತದೆ. ಸಕ್ಕರೆ ಏರಿದರೆ ಸಕ್ಕರೆಯೇ ಉಂಗುರ ಹಿಡಿದು ಕೊಂಡಿಯನ್ನು ತಳ್ಳುತ್ತದೆ, ಇನ್ಸುಲಿನ್ ತೆರೆದುಕೊಳ್ಳುತ್ತದೆ. ಇಲಿ, ಹಂದಿಗಳವರೆಗೆ ಬಂದಿದೆ. ಕುಡ್ಲದವರ ಸಿರಿಂಜ್ ಭೂತಕ್ಕೆ ಮಂತ್ರ ಇದ್ದರೆ ಇದೇ, ಯಾಕೆಂದರೆ ಡೋಸ್ ಸ್ವಲ್ಪ ತಪ್ಪಿದರೂ ಅಣುವೇ ತಿದ್ದಿಕೊಳ್ಳಬಹುದು.

ಟಿ1_ಬಳಗ

ಟೈಪ್ 1 ಕಡೆ ಯಾರೂ ತಿರುಗಿ ನೋಡ್ತಿಲ್ಲ, ಹಾಗಾಗಿ ಚುಟುಕಾಗಿ.

ಟೆಪ್ಲಿಜುಮಾಬ್ 2022ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಪಡೀತು. ಸತತ 14 ದಿನ, ದಿನಕ್ಕೊಂದು ಡ್ರಿಪ್. ಕಾಯಿಲೆಯನ್ನು ತಡೆಯೋದಿಲ್ಲ, ಸುಮಾರು ಎರಡು ವರ್ಷ ಮುಂದೂಡುತ್ತೆ. ಎಂಟು ವರ್ಷದ ಮಗುವಿಗೆ ಎರಡು ವರ್ಷ ಇನ್ಸುಲಿನ್ ಇಲ್ಲದ ಬಾಲ್ಯ ಅಂದ್ರೆ ಸಣ್ಣದಲ್ಲ. ಆದ್ರೆ ಕೊಡಬೇಕಾಗಿರೋದು ಸಕ್ಕರೆ ಪೂರ್ತಿ ಏರೋದಕ್ಕೂ ಮೊದಲು, ರಕ್ತದಲ್ಲಿ ಬೀಟಾ ಕಣದ ವಿರುದ್ಧದ ಎರಡು ಅಥವಾ ಹೆಚ್ಚು ಪ್ರತಿಕಾಯ ಇದ್ದು ಸಕ್ಕರೆ ಆಗಷ್ಟೇ ಅಲುಗಾಡೋಕೆ ಶುರುವಾದಾಗ. ನಮ್ಮಲ್ಲಿ ಎಷ್ಟೋ ಮಕ್ಕಳ ಕಾಯಿಲೆ ಗೊತ್ತಾಗೋದೇ ಕೀಟೋನ್ ಏರಿ ಐಸಿಯು ಸೇರಿದ ಮೇಲೆ. ಅಣ್ಣನಿಗೋ ಅಕ್ಕನಿಗೋ ಟೈಪ್ 1 ಇದ್ರೆ ತಮ್ಮ-ತಂಗಿಯರ ಪ್ರತಿಕಾಯ ಪರೀಕ್ಷೆ ಮಾಡಿಸೋ ರೂಢಿ ಬಾರದೆ ಈ ಔಷಧಿ ಬಂದೂ ಪ್ರಯೋಜನ ಇಲ್ಲ.

ಕಾಂಡಕೋಶದಿಂದ ಬೆಳೆಸಿದ ಬೀಟಾ ಕಣ, ಜಿಮಿಸ್ಲೆಸೆಲ್: 2025ರ ಜೂನ್‌ನಲ್ಲಿ ಪ್ರಕಟವಾದ ವರದಿಯಲ್ಲಿ ಪೂರ್ತಿ ಡೋಸ್ ಪಡೆದ 12 ಜನರ ಪೈಕಿ 10 ಜನ ಒಂದು ವರ್ಷಕ್ಕೆ ಇನ್ಸುಲಿನ್ ಬಿಟ್ಟಿದ್ರು. ಕಣಗಳನ್ನು ಯಕೃತ್ತಿನ ರಕ್ತನಾಳಕ್ಕೆ ಬಿಡ್ತಾರೆ. ದಾನಿಗೆ ಕಾಯೋದು ತಪ್ಪುತ್ತೆ, ಆದ್ರೆ ರೋಗನಿರೋಧಕ ಶಕ್ತಿ ತಗ್ಗಿಸೋ ಮಾತ್ರೆ ಜೀವನಪೂರ್ತಿ. ಕ್ಷಯ ಮನೆಮನೆಗೂ ಗೊತ್ತಿರೋ ದೇಶದಲ್ಲಿ ಆ ಮಾತ್ರೆ ಅಂದ್ರೆ ಎರಡು ಸಲ ಯೋಚಿಸಬೇಕು. ಸಕ್ಕರೆ ಬಿದ್ದದ್ದೇ ಗೊತ್ತಾಗದೆ ಎಚ್ಚರ ತಪ್ಪೋರಿಗೆ ಮಾತ್ರ ಈಗ ಇದು ತೂಗುತ್ತೆ.

ಇವತ್ತಿಗೆ ಬೇಕಿರೋ "ಹೊಸ ಚಿಕಿತ್ಸೆ" ಏನು ಅಂತ ಕೇಳಿದ್ರೆ ಮನೆಯಲ್ಲೇ ಸಕ್ಕರೆ ನೋಡಿಕೊಳ್ಳೋಕೆ ದಿನಕ್ಕೆ ನಾಲ್ಕು ಗ್ಲುಕೋಮೀಟರ್ ಸ್ಟ್ರಿಪ್, ತಪ್ಪದೆ.

ಮಲೆನಾಡ_ಬೇರು

ಎಲ್ಲಾ ಸರಿ, ಹಿತ್ತಲಲ್ಲಿರೋ ಮಧುನಾಶಿನಿ, ಇನ್ಸುಲಿನ್ ಗಿಡ, ಹಾಗಲಕಾಯಿಯನ್ನು ಯಾರೂ ಲೆಕ್ಕಕ್ಕೇ ತಗೊಂಡಿಲ್ಲ. ಮಧುನಾಶಿನಿ ಎಲೆ ಅಗಿದ ಮೇಲೆ ಸಕ್ಕರೆ ಬಾಯಿಗೆ ಮರಳಿನ ಹಾಗೆ. ಅಷ್ಟು ಗುಣ ಇರೋದನ್ನು ಸಂಶೋಧನೆ ಮಾಡೋದು ಬಿಟ್ಟು...

ಹುದುಗು_ತೊಟ್ಟಿ

ಬೇರು ಅವರೇ, ಗಿಡವನ್ನು ಯಾರೂ ತಳ್ಳಿಹಾಕಿಲ್ಲ. ಮೆಟ್‌ಫಾರ್ಮಿನ್‌ನ ಅಜ್ಜಿಮನೆ ಗ್ಯಾಲೆಗಾ ಎಂಬ ಯುರೋಪಿನ ಗಿಡ. ಎಂಪಾಗ್ಲಿಫ್ಲೋಜಿನ್ ಗುಂಪು ಹುಟ್ಟಿದ್ದು 1835ರಲ್ಲಿ ಸೇಬಿನ ಮರದ ಬೇರಿನ ತೊಗಟೆಯಿಂದ ತೆಗೆದ ಫ್ಲೋರಿಜಿನ್‌ನಿಂದ. ಮೊದಲ ಜಿಎಲ್‌ಪಿ-1 ಇಂಜೆಕ್ಷನ್ನಂತೂ ಗಿಲಾ ಎಂಬ ವಿಷದ ಹಲ್ಲಿಯ ಜೊಲ್ಲಿನಿಂದ! ಆದರೆ ಗ್ಯಾಲೆಗಾವನ್ನೇ ತಿಂದರೆ ವಿಷ. ಫ್ಲೋರಿಜಿನ್ ಕರುಳಿನಲ್ಲೂ ಸಕ್ಕರೆ ತಡೆದು ಭೇದಿ ಮಾಡಿಸುತ್ತಿತ್ತು. ಅಣುವನ್ನು ತಿದ್ದಿ, ಡೋಸ್ ಕಟ್ಟಿ, ಸಾವಿರಾರು ಜನರಲ್ಲಿ ನೋಡಿದ ಮೇಲೆಯೇ ಅದು ಔಷಧಿ. ಮಧುನಾಶಿನಿ ನಾಲಗೆಯ ಸಿಹಿ ಗ್ರಾಹಕವನ್ನು ಮುಚ್ಚುತ್ತದೆ, ಅದು ನಿಜ. ನಾಲಗೆಗೆ ಸಕ್ಕರೆ ಗೊತ್ತಾಗದಿರುವುದಕ್ಕೂ ರಕ್ತದಲ್ಲಿ ಇಳಿಯುವುದಕ್ಕೂ ನಡುವೆ ದಾರಿ ಉದ್ದ. ಇನ್ನು ಎಲೆಯ ಗುಣ ಮಣ್ಣು, ಕೊಯ್ಲಿನ ತಿಂಗಳು, ಒಣಗಿಸಿದ ರೀತಿಯ ಮೇಲೆ ಬದಲಾಗುತ್ತದೆ. ಎರಡು ಎಲೆ ಅಂದರೆ ಎಷ್ಟು ಮಿ.ಗ್ರಾಂ?

ಲ್ಯಾಬ್_ಟ್ಯೂಬ್

ಇದಕ್ಕೆ ಒಂದು ಸೇರಿಸ್ತೀನಿ. ಹೆಸರಿಲ್ಲದ ಪುಡಿ ಒಂದೇ ವಾರದಲ್ಲಿ 280ನ್ನು 120 ಮಾಡಿದ್ರೆ ಖುಷಿ ಪಡಬೇಡಿ, ಅನುಮಾನಪಡಿ. ಇಂಥ "ಗಿಡಮೂಲಿಕೆ" ಪುಡಿಗಳಲ್ಲಿ ಗ್ಲಿಮೆಪಿರೈಡ್ ಜಾತಿಯದ್ದೇ ಆದ ಗ್ಲಿಬೆನ್‌ಕ್ಲಮೈಡ್ ಬೆರೆಸಿದ್ದು ಹಲವು ದೇಶಗಳ ಪರೀಕ್ಷೆಯಲ್ಲಿ ಸಿಕ್ಕಿದೆ. ಡಾಕ್ಟರ್ ಕೊಟ್ಟ ಗ್ಲಿಮೆಪಿರೈಡ್ ಜೊತೆ ಅದೂ ಸೇರಿದ್ರೆ ಎರಡು ಪಟ್ಟು ಹಿಂಡಿದ ಹಾಗೆ. ವಯಸ್ಸಾದವರಲ್ಲಿ, ಕಿಡ್ನಿ ಸೊರಗಿದವರಲ್ಲಿ ಹೀಗೆ ಬಿದ್ದ ಸಕ್ಕರೆ ಗ್ಲೂಕೋಸ್ ಕೊಟ್ಟು ಏರಿಸಿದ ಮೇಲೂ ಮತ್ತೆ ಬೀಳುತ್ತೆ. ಅದಕ್ಕೇ ಒಂದು ದಿನವಾದ್ರೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳೋದು.

ಧಾರವಾಡ_ಪೇಢಾ

ಎಂಪಾ-ರೆಗ್ ಬಗ್ಗೆ ಓದಿದೆ, ಅದು ಖರೇ ಅನಸ್ತು. ಒಂದ ಪ್ರಶ್ನೆ ಉಳೀತು. ತೆಳ್ಳಗಿನ ಮನಶ್ಯಾಗ, ಬಿಎಂಐ 20, ಮೆಟ್‌ಫಾರ್ಮಿನ್ ಗ್ಲಿಮೆಪಿರೈಡ್ ಎರಡೂ ತುಂಬಾ ಡೋಸ್ ಮುಟ್ಯಾವ, ಎಚ್‌ಬಿಎ1ಸಿ 10. ನಿಮ್ಮ ಹೊಸಾವು ಒಂದೂ ಅವಂಗಲ್ಲ ಅಂದ್ರ ಮುಂದೇನ್ರೀ?

ಓಪಿಡಿ_3

ಮೊದಲು ಸಿ-ಪೆಪ್ಟೈಡ್, ಜೊತೆಗೆ ಟೈಪ್ 1 ಇದೆಯಾ ಅಂತ ನೋಡೋಕೆ ಜಿಎಡಿ ಪ್ರತಿಕಾಯ ಪರೀಕ್ಷೆ. ತೂಕ ಇತ್ತೀಚೆಗೆ ಸುಮ್ಮನೆ ಇಳಿದಿದ್ದರೆ, ಹೊಟ್ಟೆ-ಬೆನ್ನು ನೋವಿದ್ದರೆ ಮೇದೋಜೀರಕ ಗ್ರಂಥಿಯ ಸ್ಕ್ಯಾನ್. ಕಲ್ಲು ಕಟ್ಟಿದ ಗ್ರಂಥಿಯೋ ಗಡ್ಡೆಯೋ ಇರಬಹುದು. ಸಿ-ಪೆಪ್ಟೈಡ್ ಕಡಿಮೆ ಬಂತು ಅಂದರೆ ಗ್ಲಿಮೆಪಿರೈಡ್ ಇನ್ನು ದಂಡ. ರಾತ್ರಿ ಇನ್ಸುಲಿನ್, ಕೆ.ಜಿ.ಗೆ 0.1ರಿಂದ 0.2 ಯೂನಿಟ್ ಲೆಕ್ಕದಲ್ಲಿ ಶುರು. 50 ಕೆ.ಜಿ. ಮನುಷ್ಯನಿಗೆ 5ರಿಂದ 10 ಯೂನಿಟ್. ಬೆಳಿಗ್ಗೆ ಖಾಲಿ ಹೊಟ್ಟೆ ಸಕ್ಕರೆ ನೋಡಿ ಮೂರು ದಿನಕ್ಕೊಮ್ಮೆ 2 ಯೂನಿಟ್ ಏರಿಸುತ್ತಾ ಹೋಗೋದು, 70ರ ಕೆಳಗೆ ಒಮ್ಮೆ ಬಿದ್ದರೂ ಇಳಿಸೋದು. ನೂರು ವರ್ಷ ಹಳೆಯ ಔಷಧಿಯೇ, ಹೌದು. ಅವನಿಗೆ ಇದಕ್ಕಿಂತ ಒಳ್ಳೆಯದು ಇಲ್ಲದಿರೋದೇ ಈ ಚರ್ಚೆ.

ಕೆಮಿಸ್ಟ್_ಕುಡ್ಲ

ಮತ್ತೆ ಚೀಟಿಯಲ್ಲಿ "10 ಯೂನಿಟ್" ಮಾತ್ರ ಬರೆಯಬೇಡಿ ಡಾಕ್ಟ್ರೇ. "ಯು-40 ಬಾಟಲಿ, ಕೆಂಪು ಮುಚ್ಚಳದ ಸಿರಿಂಜ್, 10ರ ಗೆರೆ" ಅಂತ ಪೂರ್ತಿ ಬರೆಯಿರಿ. "ಯು" ಅಂತ ಒಂದಕ್ಷರ ಬರೆದದ್ದು ಅವಸರದ ಕೈಬರಹದಲ್ಲಿ ಸೊನ್ನೆಯ ಹಾಗೆ ಕಂಡು 10 ಹೋಗಿ 100 ಆಗುವುದುಂಟು.